ಗಾಯರಾಣಕ್ಕೂ ಒಂದು ಲೆಕ್ಕದ ಪುಸ್ತಕ ಇರಲಿ

(ತಾಜಸುಲ್ತಾನಪುರದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಸಂಘದ ಸಭೆಯಲ್ಲಿ ಉಳಿತಾಯ ಎಷ್ಟಾಯ್ತು, ಸಾಲ ಯಾರು ತಗೊಂಡ್ರು, ಕಂತು ಯಾರದು ಬಾಕಿ ಅಂತ ತಪ್ಪದೆ ಬರೀತೀರಿ. ಹತ್ತು ರೂಪಾಯಿ ತಪ್ಪಿದರೂ ಬಿಡೋದಿಲ್ಲ. ಆದರೆ ಸಾಲ ಮಾಡಿ ತಂದ ಎಮ್ಮೆ, ಮೇಕೆ ಮೇಯುವ ಗಾಯರಾಣದ ಲೆಕ್ಕ ಯಾರ ಹತ್ತಿರ ಅದ? ಹುಲ್ಲು ಹೇಗಿದೆ ಎಂದು ಕೇಳಿದರೆ "ಮೊದಲಿನಂಗಿಲ್ಲ ಬಿಡ್ರಿ" ಅಂತೀವಿ. ಅದು ಲೆಕ್ಕ ಅಲ್ಲ.

ಹೊಲ ಇದ್ದವರಿಗೆ ಜೋಳದ ಕಣಿಕೆ, ತೊಗರಿ ಹೊಟ್ಟು ಸಿಗ್ತದ. ಹೊಲ ಇಲ್ಲದ ತಾಯಿಯ ಎರಡು ಮೇಕೆಗೆ ಗಾಯರಾಣವೇ ಹೊಲ. ಅದು ಹಾಳಾದರೆ ಮೇವು ಕೊಳ್ಳಬೇಕು, ಇಲ್ಲವೇ ಮೇಕೆ ಮಾರಬೇಕು. ಮೇಕೆ ಹೋದರೂ ಕಂತು ನಿಲ್ಲುವುದಿಲ್ಲ.

ಹುಲ್ಲು ನಮ್ಮ ಉಳಿತಾಯದ ಹಾಗೆ. ಬೇರು ಅಸಲು, ಎಲೆ ಬಡ್ಡಿ. ಅರ್ಧ ಎಲೆ ಉಳಿಸಿದರೆ ಮತ್ತೆ ಚಿಗುರುತ್ತದೆ. ಚಿಗುರಿದಂತೆಲ್ಲ ಬುಡದವರೆಗೆ ಮೇಯಿಸಿದರೆ ಬೇರು ಸೊರಗಿ ನೆಲ ಬರಿದಾಗುತ್ತದೆ. ಮಳೆ ನೀರು ಇಂಗದೆ ಮಣ್ಣು ಹೊತ್ತು ಹಳ್ಳಕ್ಕೆ ಹೋಗುತ್ತದೆ. ಆ ಬರಿ ನೆಲಕ್ಕೆ ಕಾಂಗ್ರೆಸ್ ಕಸ, ಬಳ್ಳಾರಿ ಜಾಲಿ ನುಗ್ಗುತ್ತವೆ. ಕಾಂಗ್ರೆಸ್ ಕಸಕ್ಕೆ ದನ ಸಾಮಾನ್ಯವಾಗಿ ಬಾಯಿ ಹಾಕೋದಿಲ್ಲ, ಹಾಗಾಗಿ ಅದೇ ಬೆಳೀತದ.

ಲೆಕ್ಕ ಮಾಡುವುದು ಸುಲಭ. ಓದು ಬರದವರೂ ಮಾಡಬಹುದು. ತೊಗರಿ ಕಾಳು, ಜೋಳದ ಕಾಳು, ಸಣ್ಣ ಹರಳು, ಒಂದು ಖಾಲಿ ಚೀಲ ತಗೊಳ್ರಿ. ಗಾಯರಾಣದಲ್ಲಿ ನೇರವಾಗಿ 100 ಹೆಜ್ಜೆ ನಡೀರಿ. ಪ್ರತಿ ಹೆಜ್ಜೆಗೂ ಹೆಬ್ಬೆರಳ ತುದಿಯಲ್ಲಿ ಏನಿದೆ ನೋಡ್ರಿ. ಹಸಿ ಅಥವಾ ಒಣ ಹುಲ್ಲಿದ್ದರೆ ಚೀಲಕ್ಕೆ ಒಂದು ತೊಗರಿ, ಕಸ ಇದ್ದರೆ ಜೋಳ, ಬರಿ ಮಣ್ಣು ಅಥವಾ ಕಲ್ಲಿದ್ದರೆ ಹರಳು ಹಾಕ್ರಿ. ಕೊನೆಗೆ ಎಣಿಸಿದರೆ ನೂರಕ್ಕೆ ಎಷ್ಟು ಹುಲ್ಲು, ಎಷ್ಟು ಕಸ, ಎಷ್ಟು ಬರಿ ನೆಲ ಅಂತ ತಿಳೀತದ. ನಾಲ್ಕು ಕಡೆ ಹೀಗೆ ನಡೆದು ಬರೆದಿಡಿ. ವರ್ಷಕ್ಕೆ ಎರಡು ಸಲ, ಮಳೆಗಾಲ ಮುಗಿದ ಮೇಲೆ ಮತ್ತು ಬೇಸಿಗೆಯಲ್ಲಿ, ಅದೇ ಜಾಗದಲ್ಲಿ, ಅದೇ ತಿಂಗಳಲ್ಲಿ ಮಾಡಬೇಕು.

"ಮಳೆ ಕಡಿಮೆಯಾದರೂ ಹುಲ್ಲು ಕಡಿಮೆ ಆಗ್ತದಲ್ಲ?" ಎಂದು ನೀವು ಕೇಳಬಹುದು. ನಿಜ. ಅದಕ್ಕೇ ಒಂದು ಮೂಲೆಯಲ್ಲಿ ಮಂಚದಷ್ಟು ಜಾಗಕ್ಕೆ ಮುಳ್ಳಿನ ಬೇಲಿ ಹಾಕಿ, ದನ ಬಿಡಬೇಡಿ. ಬೇಲಿ ಒಳಗೆ ಹುಲ್ಲು ಬಂದು ಹೊರಗೆ ಬಾರದಿದ್ದರೆ ಮೇಯಿಸಿದ್ದು ಹೆಚ್ಚಾಯಿತು. ಒಳಗೂ ಬಾರದಿದ್ದರೆ ಮಳೆಯದೋ ಮಣ್ಣಿನದೋ ದೋಷ.

ಮೇಯಿಸಿದ್ದು ಹೆಚ್ಚಾಗಿದ್ದರೆ ಗಾಯರಾಣವನ್ನು ನಾಲ್ಕು ಪಾಲು ಮಾಡಿ, ಮೊದಲ ಮಳೆಯಿಂದ ಹುಲ್ಲಿನ ಬೀಜ ಉದುರುವವರೆಗೆ ಒಂದು ಪಾಲಿಗೆ ವಿಶ್ರಾಂತಿ ಕೊಡಿ. ಮುಂದಿನ ವರ್ಷ ಇನ್ನೊಂದು ಪಾಲು. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮುಂಚೆಯೇ ಬೇರು ಸಮೇತ ಕೀಳಬೇಕು. ಮೈಗೆ ತುರಿಕೆ ಬರುತ್ತದೆ, ಕೈಗೆ ಬಟ್ಟೆ ಸುತ್ತಿಕೊಳ್ಳಿ.

ಹುಲ್ಲಿನ ಜೊತೆ ನೆಲದ ಅಳತೆಯೂ ಬೇಕು. 1966ರ ಕರ್ನಾಟಕ ಭೂ ಕಂದಾಯ ನಿಯಮಗಳ 97ನೇ ನಿಯಮದಂತೆ ಪ್ರತಿ 100 ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇಯುವ ಭೂಮಿ ಇಡಬೇಕು. ಆದ್ದರಿಂದ ಜಾನುವಾರು ಗಣತಿಯವರು ಬಂದಾಗ ಒಂದೂ ಬಿಡದೆ ಲೆಕ್ಕ ಕೊಡಿ. ಗಾಯರಾಣ ಎಷ್ಟು ಎಕರೆ ಎಂದು ಪಹಣಿ ತೆಗೆಸಿ ನೋಡಿ. ಕಾಗದದಲ್ಲಿ ಅದು ಗೋಮಾಳ ಅಂತ ಇರಬಹುದು. ಗ್ರಾಮದ ಸಾಮೂಹಿಕ ಭೂಮಿಯ ಒತ್ತುವರಿ ತೆರವು ಮಾಡಬೇಕೆಂದು ಸುಪ್ರೀಂ ಕೋರ್ಟ್ 2011ರ ಜನವರಿ 28ರಂದು ಎಲ್ಲ ರಾಜ್ಯಗಳಿಗೂ ಹೇಳಿದೆ.

ಗ್ರಾಮಸಭೆಯಲ್ಲಿ "ಹುಲ್ಲಿಲ್ಲ" ಅಂದರೆ ಯಾರೂ ಕೇಳೋದಿಲ್ಲ. "ಹೋದ ವರ್ಷ ನೂರು ಹೆಜ್ಜೆಗೆ ಹುಲ್ಲು ಇಷ್ಟಿತ್ತು, ಈಗ ಇಷ್ಟೇ ಅದ, ಪುಸ್ತಕ ನೋಡ್ರಿ" ಅಂದರೆ ಉತ್ತರ ಕೊಡಲೇಬೇಕಾಗ್ತದ. ಮುಂದಿನ ಸಭೆಗೆ ಬರುವಾಗ ಪ್ರತಿ ಸಂಘವೂ ತನ್ನ ಮೊದಲ ನೂರು ಹೆಜ್ಜೆಯ ಲೆಕ್ಕ ತರಲಿ.