ಹೆಬ್ಬೆರಳು ಮೇಲೆತ್ತಿದ್ರೆ ಡೈವ್ ಮುಗೀತು: ಕ್ವಾರಿ, ಸ್ಕೂಬಾ ಮತ್ತು ಒಂದು ಪಿಕ್‌ನಿಕ್

 

ಇವತ್ತು ಮಾತಾಡೋಣ ಅಂದುಕೊಂಡಿರೋದು ನೀರು ತುಂಬಿದ ಕಲ್ಲಿನ ಕ್ವಾರಿಯಲ್ಲಿ ಸ್ಕೂಬಾ ಡೈವಿಂಗ್ ಬಗ್ಗೆ. "ಕ್ವಾರಿಯಲ್ಲಾ? ಅಲ್ಲೇನಿರುತ್ತೆ ಗುರು ನೋಡೋಕೆ?" ಅಂತ ನೀವು ಕೇಳಬಹುದು. ನಮಗೆ ಸ್ಕೂಬಾ ಅಂದ್ರೆ ಮುರುಡೇಶ್ವರ, ನೇತ್ರಾಣಿ. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' ನೋಡಿದೋರಿಗೆ ನೇತ್ರಾಣಿಯ ಆ ನೀಲಿ ನೀರು ಮರೆಯೋಕೇ ಆಗಲ್ಲ. ಆದರೆ ಸಮುದ್ರ ದೂರ ಇರೋ ಊರುಗಳಲ್ಲೂ ಡೈವರ್‌ಗಳಿದ್ದಾರೆ. ಅಮೆರಿಕ, ಇಂಗ್ಲೆಂಡ್‌ನಲ್ಲಿ ಎಷ್ಟೋ ಜನ ಡೈವಿಂಗ್ ಕಲಿಯೋದೇ ಹಳೇ ಕ್ವಾರಿಗಳಲ್ಲಿ. ಇಂಗ್ಲೆಂಡ್‌ನ ಲೆಸ್ಟರ್‌ಶೈರ್‌ನಲ್ಲಿ ಸ್ಟೋನಿ ಕೋವ್ ಅಂತ ಒಂದಿದೆ, ಮೊದಲು ಗ್ರಾನೈಟ್ ಕ್ವಾರಿ ಆಗಿತ್ತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡಚ್ ಸ್ಪ್ರಿಂಗ್ಸ್ ಅಂತ ಇನ್ನೊಂದು. ಅದು ಸಿಮೆಂಟ್ ಕಂಪನಿಗೆ ಸುಣ್ಣದಕಲ್ಲು ತೆಗೀತಿದ್ದ ಜಾಗ.

ಕ್ವಾರಿ ಕೆರೆ ಆಗೋದು ಹೇಗೆ ಅಂದ್ರೆ, ಕಲ್ಲು ತೆಗೀತಾ ಆಳಕ್ಕೆ ಹೋದ ಹಾಗೆ ಅಂತರ್ಜಲ ಒಸರೋಕೆ ಶುರುವಾಗುತ್ತೆ. ಕೆಲಸ ನಡೆಯೋವಷ್ಟು ದಿನ ಪಂಪ್ ಇಟ್ಟು ನೀರು ಎತ್ತಿ ಹಾಕ್ತಾರೆ. ಕ್ವಾರಿ ಮುಚ್ಚಿದ ದಿನ ಪಂಪೂ ನಿಲ್ಲುತ್ತೆ, ನೀರು ನಿಧಾನಕ್ಕೆ ಮೇಲಕ್ಕೆ ಬರುತ್ತೆ. ಡಚ್ ಸ್ಪ್ರಿಂಗ್ಸ್ ಹೀಗೆ ತುಂಬಿ, ಸುಮಾರು 50 ಎಕರೆಯ, ಹತ್ತಿರ ಹತ್ತಿರ 30 ಮೀಟರ್ ಆಳದ ಕೆರೆ ಆಯ್ತು. 1980ರಲ್ಲಿ ಅದನ್ನ ಡೈವಿಂಗ್‌ಗೆ ತೆರೆದ್ರು. ನೋಡೋಕೆ ಏನಾದ್ರೂ ಇರಲಿ ಅಂತ ಹಳೇ ಸ್ಕೂಲ್ ಬಸ್ಸು, ಫೈರ್ ಇಂಜಿನ್ನು, ವಿಮಾನ, ಹೆಲಿಕಾಪ್ಟರ್ ಎಲ್ಲಾ ನೀರೊಳಗೆ ಇಳಿಸಿದ್ರು. 2021ರ ಕೊನೆಗೆ ಗೋಡೌನ್ ಕಟ್ಟೋ ಪ್ಲಾನ್ ಬಂದು ಡಚ್ ಸ್ಪ್ರಿಂಗ್ಸ್ ಮುಚ್ಚಿತು. ಆಮೇಲೆ ಅದೇ ಕೆರೆಯಲ್ಲಿ ಲೇಕ್ ಹೈಡ್ರಾ ಅನ್ನೋ ಹೆಸರಲ್ಲಿ ಡೈವಿಂಗ್ ಮತ್ತೆ ಶುರುವಾಯ್ತು. ಡೈವರ್‌ಗಳು ಆ ಜಾಗ ಬಿಡೋಕೆ ತಯಾರಿರಲಿಲ್ಲ.

ಆ ಕಡೆ ಚಳಿಗಾಲದಲ್ಲಿ ಇಂಥ ಎಷ್ಟೋ ಕ್ವಾರಿಗಳಲ್ಲಿ ಡೈವಿಂಗ್ ಹೆಚ್ಚುಕಮ್ಮಿ ನಿಂತೇ ಹೋಗುತ್ತೆ. ಏಪ್ರಿಲ್, ಮೇ ಬಂತು ಅಂದ್ರೆ ಸ್ಕೂಬಾ ಕ್ಲಬ್‌ಗಳು ಒಂದು ವೀಕೆಂಡ್ ಗೊತ್ತು ಮಾಡ್ತಾರೆ. ಎಲ್ಲರೂ ಟೆಂಟು, ಮಡಚೋ ಕುರ್ಚಿ, ಗ್ರಿಲ್ಲು, ಐಸ್ ಬಾಕ್ಸ್ ತುಂಬ್ಕೊಂಡು ಕ್ವಾರಿಗೆ ಬರ್ತಾರೆ. ಡೈವೂ ಆಗುತ್ತೆ, ಪಿಕ್‌ನಿಕ್ಕೂ ಆಗುತ್ತೆ. ನನ್ನ ಬಿಕಾಂ ಕ್ಲಾಸ್‌ಮೇಟ್ ಒಬ್ಬಳು ಈಗ ನ್ಯೂಜೆರ್ಸಿಯಲ್ಲಿದ್ದಾಳೆ, ಅಂಥದ್ದೇ ಒಂದು ಕ್ಲಬ್ಬಿನ ಮೆಂಬರ್. ಅವಳು ಮೊದಲ ಸಲ ಹೇಳಿದಾಗ ನಾನು ಕೇಳಿದ್ದು ಒಂದೇ: "ಅಲ್ವೇ, ಕೊರೆಯೋ ನೀರಲ್ಲಿ ಮುಳುಗಿ ತುಕ್ಕು ಹಿಡಿದ ಬಸ್ ನೋಡೋಕೆ ಎರಡು ಗಂಟೆ ಡ್ರೈವ್ ಮಾಡ್ತೀಯಾ?"

ನೀರು ಕೊರೆಯೋದಂತೂ ನಿಜ. ಏಪ್ರಿಲ್‌ನಲ್ಲಿ ಅಲ್ಲಿ ಹತ್ತು ಡಿಗ್ರಿಗಿಂತ ಕಡಿಮೆ ಇರೋದು ಮಾಮೂಲು. ಏಳು ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಬೇಕು, ಇಲ್ಲಾಂದ್ರೆ ನೀರು ಒಳಗೇ ಬರದಿರೋ ಡ್ರೈಸೂಟ್. ದಪ್ಪ ಸೂಟ್ ತೇಲುತ್ತೆ, ಹಾಗಾಗಿ ಸೊಂಟಕ್ಕೆ ಹೆಚ್ಚು ಸೀಸದ ತೂಕ ಕಟ್ಟಬೇಕು. ಹೋದ ವರ್ಷ ಎಷ್ಟು ಕಟ್ಟಿದ್ದೆ ಅಂತ ನೆನಪಿರಲ್ಲ. ಆರು ತಿಂಗಳು ಮೂಲೆಯಲ್ಲಿದ್ದ ರೆಗ್ಯುಲೇಟರ್, ಅಂದ್ರೆ ಸಿಲಿಂಡರ್‌ನಿಂದ ಬಾಯಿಗೆ ಗಾಳಿ ಕೊಡೋ ಸಾಧನ, ಸರಿಯಾಗಿ ಕೆಲಸ ಮಾಡುತ್ತಾ ಗೊತ್ತಿರಲ್ಲ. ತಣ್ಣೀರಲ್ಲಿ ಅದರೊಳಗೆ ಐಸ್ ಕಟ್ಟಿ, ಗಾಳಿ ನಿಲ್ಲದೆ ಬುಸ್ ಅಂತ ಹೊರಗೆ ಹೋಗೋ ಸಾಧ್ಯತೆ ಬೇರೆ.

ಇದನ್ನೆಲ್ಲಾ ಸಮುದ್ರದ ಮಧ್ಯೆ ಕಂಡುಹಿಡಿಯೋದಕ್ಕಿಂತ ಕ್ವಾರಿಯಲ್ಲಿ ಕಂಡುಹಿಡಿಯೋದು ವಾಸಿ. ಇಲ್ಲಿ ಅಲೆ ಇಲ್ಲ, ಸೆಳೆತ ಇಲ್ಲ, ದಡ ಹತ್ತಿರದಲ್ಲೇ ಇದೆ. ತರಬೇತಿಗೆ ಅಂತಾನೇ ಆರೇಳು ಮೀಟರ್ ಆಳದಲ್ಲಿ ಲೋಹದ ಪ್ಲಾಟ್‌ಫಾರ್ಮ್ ಇಳಿಬಿಟ್ಟಿರ್ತಾರೆ. ಅಲ್ಲಿ ಕೂತು ಮಾಸ್ಕ್ ತೆಗೆದು ಹಾಕಿ, ಜೊತೆಗಾರರ ಗಾಳಿ ಹಂಚಿಕೊಂಡು ಉಸಿರಾಡಿ, ಪಾಠ ನೆನಪು ಮಾಡ್ಕೋತಾರೆ. ಇಪ್ಪತ್ತು ವರ್ಷ ಡೈವ್ ಮಾಡಿದೋರೂ ಸೀಸನ್ ಮೊದಲ ದಿನ ಇಲ್ಲೇ ಕೂರ್ತಾರೆ.

ಈಗ ಸ್ವಲ್ಪ ಲೆಕ್ಕ. ಕಾಮರ್ಸ್ ಓದಿದೋಳು ನಾನು, ಲೆಕ್ಕ ಇಲ್ಲದೆ ಎಪಿಸೋಡ್ ಮುಗಿಸೋಕಾಗಲ್ಲ. 12 ಲೀಟರ್ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿದ್ರೆ, ಹೊರಗಿನ ಲೆಕ್ಕದಲ್ಲಿ ಅದು 2,400 ಲೀಟರ್. ನಿಮಿಷಕ್ಕೆ 20 ಲೀಟರ್ ಉಸಿರಾಡ್ತೀರಿ ಅಂದುಕೊಳ್ಳಿ. ದಡದಲ್ಲಿ ಕೂತಿದ್ರೆ ಎರಡು ಗಂಟೆ ಬರುತ್ತೆ. ಆದರೆ ನೀರಲ್ಲಿ ಪ್ರತಿ ಹತ್ತು ಮೀಟರ್‌ಗೆ ಒತ್ತಡ ಒಂದು ಪಟ್ಟು ಏರುತ್ತೆ. 20 ಮೀಟರ್ ಆಳದಲ್ಲಿ ಒತ್ತಡ ಮೂರು ಪಟ್ಟು, ಗಾಳಿ ಖರ್ಚೂ ಮೂರು ಪಟ್ಟು. ನಿಮಿಷಕ್ಕೆ 60 ಲೀಟರ್. ಅದರಲ್ಲಿ 50 ಬಾರ್, ಅಂದ್ರೆ 600 ಲೀಟರ್, ಎಮರ್ಜೆನ್ಸಿ ಫಂಡ್ ಥರ, ಮುಟ್ಟೋ ಹಾಗಿಲ್ಲ. ಉಳಿದ 1,800 ಲೀಟರ್‌ಗೆ ಸಿಗೋದು 30 ನಿಮಿಷ. ಚಳಿಗೋ ಭಯಕ್ಕೋ ಉಸಿರು ಜೋರಾದ್ರೆ, ನಿಮಿಷಕ್ಕೆ 30 ಲೀಟರ್ ಆಯ್ತು ಅಂದ್ರೆ, ಅದೇ ಗಾಳಿ 20 ನಿಮಿಷಕ್ಕೆ ಖಾಲಿ. ನೀರೊಳಗೆ ಭಯಕ್ಕೆ ಒಂದು ರೇಟ್ ಇದೆ, ಅದನ್ನ ಲೀಟರ್‌ನಲ್ಲಿ ಕಟ್ಟಬೇಕು.

ಅದಕ್ಕೇ ಡೈವಿಂಗ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದ ನಿಯಮ ಒಂದಿದೆ. ಯಾರು ಬೇಕಾದ್ರೂ, ಯಾವಾಗ ಬೇಕಾದ್ರೂ, ಯಾವ ಕಾರಣಕ್ಕೆ ಬೇಕಾದ್ರೂ ಡೈವ್ ನಿಲ್ಲಿಸಬಹುದು. ಕಾರಣ ಹೇಳಲೇಬೇಕು ಅಂತಿಲ್ಲ. ಅದಕ್ಕೊಂದು ಸನ್ನೆ ಇದೆ: ಹೆಬ್ಬೆರಳು ಮೇಲೆತ್ತೋದು. ವಾಟ್ಸಾಪ್‌ನಲ್ಲಿ ನಾವು ಹಾಕೋ "ಸೂಪರ್" ಅಲ್ಲ ಅದು. ನೀರೊಳಗೆ ಅದರ ಅರ್ಥ "ಮೇಲೆ ಹೋಗೋಣ, ಡೈವ್ ಮುಗೀತು". ಚೆನ್ನಾಗಿದೆ ಅನ್ನೋಕೆ ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ತೋರಿಸಬೇಕು. ಒಬ್ಬರು ಹೆಬ್ಬೆರಳು ತೋರಿಸಿದ್ರೆ ಜೊತೆಗಾರರು ವಾದ ಮಾಡೋ ಹಾಗಿಲ್ಲ. ಅವರೂ ಅದೇ ಸನ್ನೆ ವಾಪಸ್ ತೋರಿಸಿ, ಇಬ್ಬರೂ ನಿಧಾನಕ್ಕೆ ಮೇಲೆ ಬರಬೇಕು.

ನಿಯಮ ಸುಲಭ, ಪಾಲಿಸೋದು ಕಷ್ಟ. ನನ್ನ ಫ್ರೆಂಡ್ ಆ ಕ್ಲಬ್ ಜೊತೆ ಮೊದಲ ಸೀಸನ್ ಓಪನಿಂಗ್‌ಗೆ ಹೋದಾಗ ಅವಳಿಗೆ ಸಣ್ಣಗೆ ನೆಗಡಿ ಇತ್ತಂತೆ. ನೆಗಡಿ ಇದ್ರೆ ಕಿವಿಯೊಳಗಿನ ಒತ್ತಡ ಸರಿದೂಗಲ್ಲ, ಮೂಗು ಹಿಡಿದು ಎಷ್ಟು ಊದಿದ್ರೂ ಕಿವಿ ಬಿಡಲ್ಲ. ಜೋರು ಮಾಡಿದ್ರೆ ಕಿವಿತಮಟೆಗೇ ಏಟು. ಅವಳು ಅಷ್ಟು ದೂರ ಬಂದಾಗಿದೆ, ಎಂಟ್ರಿ ಫೀ ಕಟ್ಟಾಗಿದೆ, ಬಾಡಿಗೆ ಸೂಟ್ ಹಾಕೊಂಡಾಗಿದೆ. ಜೊತೆಗಾರ್ತಿ ಅವರಮ್ಮನ ವಯಸ್ಸಿನ, ನೂರಾರು ಡೈವ್ ಮಾಡಿದ ಹೆಂಗಸು. ಅವರ ದಿನ ಹಾಳು ಮಾಡೋದು ಹೇಗೆ? ಮೂರು ಮೀಟರ್‌ಗೆ ಕಿವಿ ನೋವು ಶುರು. ನಾಲ್ಕಕ್ಕೆ ತಡೆಯೋಕಾಗಲಿಲ್ಲ, ಹೆಬ್ಬೆರಳು ಎತ್ತಿದಳು. ಆಕೆ ಅರೆಕ್ಷಣ ಕೂಡ ಯೋಚಿಸದೆ ಹೆಬ್ಬೆರಳು ವಾಪಸ್ ತೋರಿಸಿ ಜೊತೆಯಲ್ಲೇ ಮೇಲೆ ಬಂದರು. ಒಟ್ಟು ಐದು ನಿಮಿಷ.

ಇಲ್ಲಿ ಪಿಕ್‌ನಿಕ್ ಬರುತ್ತೆ ನೋಡಿ. ದಡಕ್ಕೆ ಬಂದವಳಿಗೆ ಒಬ್ಬರು ಬಿಸಿ ಸೂಪ್ ಕೊಟ್ಟರು. ಇನ್ನೊಬ್ಬರು ಗ್ರಿಲ್ ಹತ್ತಿರ ಕುರ್ಚಿ ಎಳೆದು ಹಾಕಿದ್ರು. ಏನಾಯ್ತು, ಯಾಕೆ ಬಂದೆ ಅಂತ ವಿಚಾರಣೆ ಇಲ್ಲ. ಮಧ್ಯಾಹ್ನ ಪೂರ್ತಿ ಜೋಳ ಸುಡೋ ಕೆಲಸ ಅವಳದ್ದಾಯ್ತು. ಹಿರಿಯರು ತಾವು ಯಾವ ಯಾವ ಡೈವ್ ಅರ್ಧಕ್ಕೆ ನಿಲ್ಲಿಸಿದ್ವಿ ಅನ್ನೋ ಕಥೆ ಹೇಳ್ತಾ ಕೂತರು. ಎಷ್ಟು ಆಳಕ್ಕೆ ಹೋಗಿದ್ವಿ ಅನ್ನೋ ಜಂಭದ ಕಥೆಗಳಿಗಿಂತ ಅವೇ ಜಾಸ್ತಿ ಇದ್ದವಂತೆ.

ಆ ಊಟದ ಸಮಯಕ್ಕೂ ಕಾರಣ ಇದೆ. ಒತ್ತಡದಲ್ಲಿ ಉಸಿರಾಡಿದಾಗ ನೈಟ್ರೋಜನ್ ರಕ್ತದಲ್ಲಿ, ಮೈಯಲ್ಲಿ ಕರಗುತ್ತೆ. ಬೇಗ ಮೇಲೆ ಬಂದ್ರೆ ಮುಚ್ಚಳ ತೆಗೆದ ಸೋಡಾ ಬಾಟಲ್ ಥರ ಗುಳ್ಳೆ ಏಳುತ್ತೆ. ಅದಕ್ಕೆ ನಿಧಾನಕ್ಕೆ ಬರಬೇಕು, ಐದು ಮೀಟರ್ ಹತ್ತಿರ ಮೂರು ನಿಮಿಷ ನಿಲ್ಲಬೇಕು. ಎರಡನೇ ಡೈವ್‌ಗೆ ಮುಂಚೆ ಸಾಮಾನ್ಯವಾಗಿ ಒಂದು ಗಂಟೆಯಾದ್ರೂ ದಡದಲ್ಲಿ ಕಳೀಬೇಕು. ಹೇಗೂ ಕಾಯಬೇಕು, ಹಾಗಾಗಿ ಊಟ, ಹರಟೆ. ಬಿಯರ್ ಮಾತ್ರ ದಿನದ ಕೊನೇ ಡೈವ್ ಮುಗಿದ ಮೇಲೆ.

ನನಗೆ ಅನಿಸೋದು ಏನಂದ್ರೆ, ಆ ಪಿಕ್‌ನಿಕ್ ಕೂಡ ಸೇಫ್ಟಿ ಸಾಧನವೇ. "ಬೇಡ" ಅಂದವರಿಗೂ ಅಲ್ಲಿ ಒಂದು ಕುರ್ಚಿ, ಒಂದು ತಟ್ಟೆ ಇರುತ್ತೆ. ವಾಪಸ್ ಬಂದ್ರೆ ಮರ್ಯಾದೆ ಹೋಗಲ್ಲ ಅಂತ ಗೊತ್ತಿದ್ರೆ ಮಾತ್ರ ಜನ ವಾಪಸ್ ಬರ್ತಾರೆ.

ಈಗ ನಮ್ಮ ಕಡೆಗೆ ಬರೋಣ. ನಮ್ಮಲ್ಲೂ ನೀರು ತುಂಬಿದ ಕ್ವಾರಿಗಳಿಗೆ ಬರ ಇಲ್ಲ. ಬೆಂಗಳೂರಿನ ಸುತ್ತ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕಲ್ಲಿನ ಕ್ವಾರಿಗಳು, ಕರಾವಳಿಯಲ್ಲಿ ಕೆಂಪು ಕಲ್ಲಿನ ಕೋರೆಗಳು. ಬೇಸಿಗೆ ರಜೆ ಬಂತು ಅಂದ್ರೆ ನಾವು ಓದೋ ಸುದ್ದಿ ಯಾವುದು ಅಂತ ನಿಮಗೆ ಗೊತ್ತು. ಈಜಲು ಹೋದ ವಿದ್ಯಾರ್ಥಿಗಳು ನೀರುಪಾಲು. ಒಬ್ಬ ಜಾರಿದ, ಉಳಿಸೋಕೆ ಹೋದ ಇನ್ನೊಬ್ಬನೂ ಮುಳುಗಿದ. ಎರಡು ಕಡೆ ನೀರು ಒಂದೇ ಥರದ್ದು. ಅಲ್ಲಿ ಬೇಲಿ ಇದೆ, ಗೇಟಲ್ಲಿ ಸಹಿ ಇದೆ, ಇಳಿಯೋಕೆ ಮೆಟ್ಟಿಲಿದೆ. ಇಲ್ಲಿ ಎಷ್ಟೋ ಕಡೆ ಒಂದು ಬೋರ್ಡೂ ಇಲ್ಲ. ಇದು ಕ್ವಾರಿ ಮಾಲೀಕರ, ಅಧಿಕಾರಿಗಳ ಜವಾಬ್ದಾರಿ, ಅದನ್ನ ಕೇಳ್ತಾನೇ ಇರಬೇಕು.

ಆದರೆ ನಮ್ಮ ಗ್ಯಾಂಗ್ ಒಳಗೂ ಒಂದು ಕೊರತೆ ಇದೆ. ಐದು ಜನ ಹುಡುಗರು ಕ್ವಾರಿ ಅಂಚಲ್ಲಿ ನಿಂತಿದ್ದಾರೆ, ಒಬ್ಬ ಮೊಬೈಲ್ ಹಿಡಿದು ರೀಲ್ಸ್ ಮಾಡ್ತಿದ್ದಾನೆ. ಇಬ್ಬರಿಗೆ ಒಳಗೊಳಗೇ ಭಯ. ಹೇಳಿದ್ರೆ? "ಪುಕ್ಲ ನನ್ಮಗನೇ" ಅಂತ ನಗ್ತಾರೆ. ಅವರಿಗೆ ಅಲ್ಲಿ ಎತ್ತೋಕೆ ಒಂದು ಹೆಬ್ಬೆರಳು ಇಲ್ಲ.

ಹಾಗಾಗಿ ಮೂರು ಮಾತು. ಒಂದು, ಈಜು ಬಂದ್ರೂ ಪಾಳು ಕ್ವಾರಿಗೆ ಇಳೀಬೇಡಿ. ಕೆರೆ ಥರ ಇಳಿಜಾರು ಇರಲ್ಲ, ಗೋಡೆ ನೇರ ಕೆಳಕ್ಕೆ ಕಡಿದಿರುತ್ತೆ. ಒಂದು ಹೆಜ್ಜೆ ಆಚೆ ಹತ್ತು ಮೀಟರ್ ಆಳ ಇರಬಹುದು, ಹತ್ತಿ ಬರೋಕೆ ಹಿಡಿತ ಸಿಗಲ್ಲ. ಎರಡು, ಯಾರಾದ್ರೂ ಮುಳುಗ್ತಿದ್ರೆ ಹಾರಬೇಡಿ. ಹಗ್ಗ, ಪಂಚೆ, ದುಪಟ್ಟಾ, ಉದ್ದನೆ ಕೋಲು, ಮುಚ್ಚಳ ಹಾಕಿದ ಖಾಲಿ ಕ್ಯಾನ್, ಸಿಕ್ಕಿದ್ದು ಎಸೀರಿ, ಕೂಗಿ ಜನ ಸೇರಿಸಿ, 112ಕ್ಕೆ ಫೋನ್ ಮಾಡಿ. ಮೂರು, ನೇತ್ರಾಣಿಗೋ ಅಂಡಮಾನ್‌ಗೋ ಸ್ಕೂಬಾಕ್ಕೆ ಹೋದ್ರೆ ನೆಗಡಿ, ಕಿವಿನೋವು, ಅಸ್ತಮಾ ಮುಚ್ಚಿಡಬೇಡಿ. ಇಳಿಯೋ ಮುಂಚೆ ಇನ್‌ಸ್ಟ್ರಕ್ಟರ್ ಸನ್ನೆ ಹೇಳಿಕೊಡುವಾಗ ಸೆಲ್ಫಿ ಬಿಟ್ಟು ಕೇಳಿಸಿಕೊಳ್ಳಿ. ಹಣ ಕಟ್ಟಿದ್ದೀನಿ ಅಂತ ನೋವು ತಡ್ಕೋಬೇಡಿ.

ಮುಂದಿನ ಸಲ ನಿಮ್ಮ ಗ್ಯಾಂಗ್ ಫಾಲ್ಸ್‌ಗೋ, ಹೊಳೆಗೋ, ಟ್ರೆಕ್‌ಗೋ ಹೊರಟಾಗ ಗ್ರೂಪಲ್ಲಿ ಒಂದು ಸನ್ನೆ ಗೊತ್ತು ಮಾಡ್ಕೊಳ್ಳಿ. ಅದನ್ನ ಯಾರೇ ತೋರಿಸಲಿ, ಎಲ್ಲರೂ ವಾಪಸ್, ಯಾಕೆ ಅಂತ ಆಮೇಲೆ ಚಹಾ ಕುಡೀತಾ ಮಾತಾಡೋಣ. ತೋರಿಸಿದವರ ಚಹಾ ದುಡ್ಡು ಉಳಿದವರು ಕೊಡಲಿ.

ಈ ಎಪಿಸೋಡ್‌ನ ರಜೆ ಶುರುವಾಗೋ ಮುಂಚೆ ನಿಮ್ಮ ತಮ್ಮಂದಿರಿಗೆ, ಕಾಲೇಜ್ ಗ್ರೂಪ್‌ಗೆ ಕಳಿಸಿ.