ಮುಚ್ಚಿಟ್ಟರೆ ಕೆಲಸ ಸಿಗುವುದಿಲ್ಲ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ರಾಯಾಪುರದ ಲಾರಿ ಚಾಲಕರೊಬ್ಬರು ಆಡಿದ ಮಾತು)

 

ಹೆವಿ ಲೈಸೆನ್ಸ್ ಬಂದು ನಾಲ್ಕೇ ತಿಂಗಳಾಗಿತ್ತು. ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ, ಮಳೆಯಲ್ಲಿ, ಮುಂದಿನ ಲಾರಿಗೆ ಹಿಂದಿನಿಂದ ಗುದ್ದಿದೆ. ಅಲ್ಲಾಹನ ಕರುಣೆ, ಎಲ್ಲರ ಜೀವ ಉಳಿಯಿತು. ತಪ್ಪು ನನ್ನದೇ, ಅಂತರ ಬಿಟ್ಟಿರಲಿಲ್ಲ. ಕೆಲಸ ಹೋಯಿತು.

ಆರು ತಿಂಗಳು ಟ್ರಾನ್ಸ್‌ಪೋರ್ಟ್ ಆಫೀಸುಗಳಿಗೆ ಅಲೆದೆ. ಮೊದಲು ಅಪಘಾತದ ವಿಷಯ ಮುಚ್ಚಿಟ್ಟೆ. ಮಾಲೀಕರು ಒಂದು ಫೋನ್ ಮಾಡಿದರೆ ಎಲ್ಲ ಗೊತ್ತಾಗುತ್ತಿತ್ತು. ಅಪಘಾತಕ್ಕಿಂತ ಆ ಸುಳ್ಳೇ ನನಗೆ ಅಡ್ಡ ಬಂತು.

ಆಮೇಲೆ ನಾನೇ ಮೊದಲು ಹೇಳತೊಡಗಿದೆ. ಲೈಸೆನ್ಸ್, ಪೊಲೀಸ್ ಕೇಸಿನ ಕಾಗದ ಒಂದೇ ಫೈಲಿನಲ್ಲಿಟ್ಟು ತೋರಿಸಿದೆ. ಒಬ್ಬ ಮಾಲೀಕರು, "ಸಣ್ಣ ಗಾಡಿ ಓಡಿಸಪ್ಪ, ನೋಡೋಣ" ಅಂದರು. ಒಂದು ವರ್ಷ ಅಮರಗೋಳ ಎಪಿಎಂಸಿಯಿಂದ ಉಳ್ಳಾಗಡ್ಡಿ ಸಾಗಿಸಿದೆ. ಈಗ ಮತ್ತೆ ದೊಡ್ಡ ಲಾರಿ ನನ್ನ ಕೈಯಲ್ಲಿದೆ.

ಹೊಸ ಹುಡುಗರಿಗೆ ಒಂದು ಮಾತು. ಒಟ್ಟು ತೂಕ 7,500 ಕೆಜಿ ಒಳಗಿನ ಸರಕು ಗಾಡಿಗೆ ಲಘು ವಾಹನದ ಲೈಸೆನ್ಸ್ ಸಾಕು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಇದನ್ನೇ ಎತ್ತಿಹಿಡಿದಿದೆ. ಅಲ್ಲಿಂದ ಶುರು ಮಾಡಿ, ಅವಸರ ಬೇಡ.

ಕೆಲಸವಿಲ್ಲದ ಆ ಆರು ತಿಂಗಳಲ್ಲಿ ನನ್ನ ತಂಗಿಯ ಪಿಯುಸಿ ಶುಲ್ಕ ಕಟ್ಟಿದ್ದು ಈ ಟ್ರಸ್ಟ್. ಅವಳೀಗ ನರ್ಸಿಂಗ್ ಓದುತ್ತಿದ್ದಾಳೆ. ದಾನಿಗಳೇ, ನಿಮ್ಮ ಹಣ ಹೋದದ್ದು ಅಲ್ಲಿಗೆ.

ಅರ್ಜಿ ಹಾಕುವ ಮನೆಯವರೇ, ದುಡಿಯುವವರ ಕೆಲಸ ಹೋಗಿದ್ದರೆ ನಾಚಿಕೆಪಡಬೇಡಿ, ಇದ್ದದ್ದು ಇದ್ದಂತೆ ಬರೆಯಿರಿ. ಹೇಳಿದರೆ ತಾನೇ ಕೈ ಹಿಡಿಯುವವರಿಗೆ ತಿಳಿಯುವುದು.