ಪಹಣಿಯಲ್ಲಿ ಇಲ್ಲದ ಮಲ್ಲಿಗೆ



ಮೈಲಾರದ ಕಾರಣಿಕದ ಬಗ್ಗೆ, ಗೊರವರ ಬಗ್ಗೆ, ಕುರುವತ್ತಿಯ ಗುಡಿಯ ಬಗ್ಗೆ ಮಾತಾಡಬಹುದಾದ ಈ ವೇದಿಕೆಗೆ ಒಬ್ಬ ವಕೀಲನನ್ನು ಕರೆದು ಭೂಸ್ವಾಧೀನದ ಬಗ್ಗೆ ಹೇಳಿ ಎಂದಿದ್ದೀರಿ. ಇದು ಸರಿಯಾದ ವೇದಿಕೆ ಎಂದೇ ನನ್ನ ನಂಬಿಕೆ. ಈ ತುಂಗಭದ್ರಾ ಹೊಳೆದಂಡೆಯ ಜನರ ಎಂಬತ್ತು ವರ್ಷಗಳ ಚರಿತ್ರೆಯಲ್ಲಿ ಭೂಸ್ವಾಧೀನವನ್ನು ಬಿಟ್ಟರೆ ಅರ್ಧ ಕಥೆ ಬಿಟ್ಟಂತೆ.

1945ರ ಫೆಬ್ರವರಿಯಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಹಾಕಿದಾಗ ಹೊಸಪೇಟೆಯ ಕಡೆಯ ದಂಡೆ ಮದ್ರಾಸ್ ಸರ್ಕಾರದ್ದು, ಕೊಪ್ಪಳದ ಕಡೆಯದು ನಿಜಾಮರದ್ದು. ಈಚೆ ದಂಡೆಗೆ 1894ರ ಭೂಸ್ವಾಧೀನ ಕಾಯ್ದೆ, ಆಚೆ ದಂಡೆಗೆ ಹೈದರಾಬಾದಿನ 1309 ಫಸಲಿಯ ಕಾಯ್ದೆ. ಒಂದೇ ಹಿನ್ನೀರಿನಲ್ಲಿ ಮುಳುಗುವ ಹೊಲಗಳು ಎರಡು ಬೇರೆ ಕಾನೂನುಗಳ ಕೆಳಗೆ ಬಂದವು. ನಾರಾಯಣದೇವರಕೆರೆ ಎಂಬ ದೊಡ್ಡ ಊರು ನೀರಿನಡಿ ಹೋಯಿತು, ಅಲ್ಲಿನ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಆಮೇಲೆ ಹಮ್ಮಿಗಿ ಹತ್ತಿರ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಬಂತು, ಅದರ ಕಾಲುವೆಗಳು ನಮ್ಮ ಹಡಗಲಿ ತಾಲ್ಲೂಕಿನೊಳಗೆ ಬಂದವು. ಹರಪನಹಳ್ಳಿ ಮೇಲೆ ಕೊಟ್ಟೂರು–ಹರಿಹರ ರೈಲು ಬಂತು. ಕೂಡ್ಲಿಗಿಯ ಮೇಲೆ ಹಾದ ಹೆದ್ದಾರಿ ಅಗಲವಾಯಿತು. ಇವುಗಳಲ್ಲಿ ಯಾವುದಾದರೂ ಬೇಡವಾಗಿತ್ತು ಎಂದು ನಾನು ಹೇಳುವುದಿಲ್ಲ. ಕಾಲುವೆಗಾಗಿ ಕಾದವರ ಬಾಯಾರಿಕೆ ನನಗೆ ಗೊತ್ತು. ಆದರೆ ಸಾವಿರ ಎಕರೆಗೆ ನೀರು ಬರಲೆಂದು ಎರಡೆಕರೆ ಕಳೆದುಕೊಂಡವನಿಗೆ ಆ ಎರಡೆಕರೆಯ ಪೂರ್ತಿ ಬೆಲೆ ಸಿಗಬೇಕು. ನಮ್ಮಂಥ ವಕೀಲರ ಕೆಲಸ ಶುರುವಾಗುವುದು ಅಲ್ಲಿಂದ.

ಪೂರ್ತಿ ಬೆಲೆ ಯಾಕೆ ಸಿಗುವುದಿಲ್ಲ? ಅಧಿಕಾರಿಗಳು ಕಟುಕರು ಎಂದು ಜನ ಹೇಳುತ್ತಾರೆ. ನನ್ನ ಅನುಭವದಲ್ಲಿ ಬಹಳಷ್ಟು ಕೇಸುಗಳು ಅಧಿಕಾರಿಯ ಮುಂದೆ ಹೋಗುವ ಮೊದಲೇ, ನೋಟಿಸು ಬರುವುದಕ್ಕೂ ವರ್ಷಗಳ ಹಿಂದೆ, ಪಹಣಿಯಲ್ಲಿ ಸೋತಿರುತ್ತವೆ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದನ್ನೇ.

ಹಡಗಲಿ ಸೀಮೆಯ ಒಂದು ಮಲ್ಲಿಗೆ ತೋಟದ ಸಂಗತಿ ಹೇಳುತ್ತೇನೆ. ಮುಕ್ಕಾಲು ಎಕರೆ, ಒಬ್ಬ ವಯಸ್ಸಾದ ತಾಯಿಯದು. ಕಾಲುವೆಗೆ ಹೋಯಿತು. ಅಧಿಕಾರಿಗಳು ಕಟ್ಟಿದ ಬೆಲೆ ಖುಷ್ಕಿ ಜಮೀನಿನ ಬೆಲೆ. ನಾನು ಪಹಣಿ ತೆಗೆಸಿ ನೋಡಿದರೆ 12ನೇ ಕಾಲಂನಲ್ಲಿ ವರ್ಷ ವರ್ಷವೂ ಜೋಳ, ಜೋಳ, ಜೋಳ. ಹಿಂದೆ ಯಾವಾಗಲೋ ಬರೆದದ್ದನ್ನೇ ಪ್ರತಿವರ್ಷ ನಕಲು ಮಾಡುತ್ತಾ ಬಂದಿದ್ದರು. ಬೋರ್‌ವೆಲ್ ಇತ್ತು, ಪಹಣಿಯಲ್ಲಿ ಇರಲಿಲ್ಲ. ಜಂಟಿ ಅಳತೆಯ ದಿನ ಆ ತಾಯಿ ಹೊಲದಲ್ಲೇ ಇದ್ದರು, ಆದರೆ ಮಹಜರಿನಲ್ಲಿ ಏನು ಬರೆದರೆಂದು ಅವರಿಗೆ ಯಾರೂ ಓದಿ ಹೇಳಲಿಲ್ಲ. ಹೆಬ್ಬೆಟ್ಟು ಮಾತ್ರ ಒತ್ತಿಸಿಕೊಂಡರು. ‘ಅಜ್ಜಿ, ಹೂವಿನ ಲೆಕ್ಕ ಏನಾದರೂ ಇಟ್ಟಿದ್ದೀರಾ’ ಎಂದು ಕೇಳಿದೆ. ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಪ್ಲಾಸ್ಟಿಕ್ ಚೀಲ ಬಿಚ್ಚಿದರು. ಹೂವಿನ ವ್ಯಾಪಾರಿ ಕೊಟ್ಟ ಚೀಟಿಗಳು. ಬೆರಳಗಲದ ಕಾಗದ, ಪೆನ್ಸಿಲಿನಲ್ಲಿ ತಾರೀಖು, ತೂಕ, ದರ. ಕೆಲವು ನೀರು ಕುಡಿದು ಅಳಿಸಿದ್ದವು. ಹಣ ಬಂತೋ ಇಲ್ಲವೋ ಎಂದು ನೋಡಿಕೊಳ್ಳಲು ಅವರು ಇಟ್ಟುಕೊಂಡಿದ್ದ ಚೀಟಿಗಳವು, ಸಾಕ್ಷಿಗೆಂದು ಇಟ್ಟವಲ್ಲ. ಆ ವ್ಯಾಪಾರಿ ನ್ಯಾಯಾಲಯಕ್ಕೆ ಬಂದು ಅದು ತನ್ನ ಅಕ್ಷರವೇ ಎಂದು ಸಾಕ್ಷಿ ಹೇಳಿದ್ದರಿಂದ ಪರಿಹಾರ ಹೆಚ್ಚಾಯಿತು. ಅವರು ಕಳೆದುಕೊಂಡಷ್ಟು ಬರಲಿಲ್ಲ. ಪಹಣಿಯಲ್ಲಿ ‘ಮಲ್ಲಿಗೆ’ ಎಂಬ ಮೂರು ಅಕ್ಷರ ಇದ್ದಿದ್ದರೆ ಆ ಅಜ್ಜಿ ಕಟಕಟೆ ಹತ್ತುವ ಪ್ರಮೇಯವೇ ಬರುತ್ತಿರಲಿಲ್ಲವೇನೋ.

ಬೆಳೆಯ ಬೆಲೆ ಕಟ್ಟುವಲ್ಲಿ ನ್ಯಾಯಾಲಯಗಳು ಎಲ್ಲಿ ಗೆರೆ ಎಳೆಯುತ್ತವೆ ಎನ್ನುವುದಕ್ಕೆ ನಮ್ಮ ರಾಜ್ಯದ್ದೇ ಒಂದು ತೀರ್ಪಿದೆ. ಮಂಡ್ಯ ಜಿಲ್ಲೆಯಲ್ಲಿ ಹೇಮಾವತಿ ಯೋಜನೆಗೆ ಹೋದ ಹಿಪ್ಪುನೇರಳೆ ತೋಟಗಳ ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 2010ರಲ್ಲಿ ತೀರ್ಮಾನವಾಯಿತು, ಕರಿಗೌಡ ಪ್ರಕರಣ ಎಂದು ವಕೀಲರೆಲ್ಲ ಓದುತ್ತಾರೆ. ನಮ್ಮ ಸೊಪ್ಪಿನಿಂದ ರೇಷ್ಮೆಗೂಡು ಬರುತ್ತದೆ, ಗೂಡಿನ ಆದಾಯ ಹಿಡಿದು ಬೆಲೆ ಕಟ್ಟಿ ಎಂದರು ರೈತರು. ಭೂಮಿ ಕೊಡುವುದು ಸೊಪ್ಪನ್ನು, ಗೂಡು ಮುಂದಿನ ಬೇರೆ ಕಸುಬಿನ ಫಲ, ಆದ್ದರಿಂದ ಸೊಪ್ಪಿನ ಆದಾಯವನ್ನಷ್ಟೇ ಹಿಡಿಯಬೇಕು ಎಂದಿತು ನ್ಯಾಯಾಲಯ. ಹೈಕೋರ್ಟು ಕೊಟ್ಟಿದ್ದ ಪರಿಹಾರ ಇಳಿಯಿತು. ರೇಷ್ಮೆ ಮನೆತನದವರಿಗೆ ಸೊಪ್ಪು ಬೇರೆ, ಹುಳು ಬೇರೆ ಎಂದು ಬದುಕಲು ಬರುವುದಿಲ್ಲ, ಆದ್ದರಿಂದ ಈ ತೀರ್ಪು ನನಗೆ ಬಿಗಿ ಎನಿಸುತ್ತದೆ. ಆದರೂ ಅದು ಇಂದಿಗೂ ಕಾನೂನು. ಅದನ್ನು ಹಿಡಿದು ಹೇಳುವುದಾದರೆ ನಮ್ಮ ಮಲ್ಲಿಗೆಯ ಮೊಗ್ಗು ಲೆಕ್ಕಕ್ಕೆ ಬರುತ್ತದೆ, ಮನೆಯಲ್ಲಿ ಕೂತು ಕಟ್ಟಿದ ಮಾಲೆಯ ಲಾಭ ಬರುವುದಿಲ್ಲ. ಚೀಟಿಯಲ್ಲಿ ತೂಕ ಬರೆಸಿಕೊಳ್ಳಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

2013ರ ಹೊಸ ಭೂಸ್ವಾಧೀನ ಕಾಯ್ದೆ 2014ರ ಜನವರಿ 1ರಿಂದ ಜಾರಿಯಲ್ಲಿದೆ. ಹಳೆಯ ಕಾಯ್ದೆಯಲ್ಲಿ ಮಾರುಕಟ್ಟೆ ಬೆಲೆಯ ಮೇಲೆ ಮೊದಲು ಶೇ 15, 1984ರ ತಿದ್ದುಪಡಿಯ ಮೇಲೆ ಶೇ 30 ಸಾಂತ್ವನ ಧನ ಸಿಗುತ್ತಿತ್ತು. ಈಗ ಶೇ 100. ಹಳ್ಳಿಯ ಜಮೀನಾದರೆ ಮಾರುಕಟ್ಟೆ ಬೆಲೆಯನ್ನು ಒಂದರಿಂದ ಎರಡರವರೆಗಿನ ಅಂಶದಿಂದ ಗುಣಿಸುತ್ತಾರೆ. ಉದಾಹರಣೆಗೆ ಎಕರೆಗೆ 4 ಲಕ್ಷ, ಗುಣಕ ಒಂದೂವರೆ ಎಂದಿಟ್ಟುಕೊಳ್ಳಿ: 6 ಲಕ್ಷ, ಅದರಷ್ಟೇ ಸಾಂತ್ವನ ಸೇರಿ 12 ಲಕ್ಷ. ಇದರ ಮೇಲೆ ಮಾರುಕಟ್ಟೆ ಬೆಲೆಗೆ ವರ್ಷಕ್ಕೆ ಶೇ 12ರ ಹೆಚ್ಚುವರಿ, ಗಿಡಮರ ಬೋರ್‌ವೆಲ್ ಬೇರೆ. ಕೇಳಲು ಚೆನ್ನಾಗಿದೆ. ಆದರೆ ಇಡೀ ಲೆಕ್ಕ ನಿಂತಿರುವುದು ಆ ಮೊದಲ ನಾಲ್ಕು ಲಕ್ಷದ ಮೇಲೆ. ಅದನ್ನು ಎಲ್ಲಿಂದ ತರುತ್ತಾರೆ? ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆ ಒಂದು. ಹಿಂದಿನ ಮೂರು ವರ್ಷಗಳಲ್ಲಿ ಹತ್ತಿರದ ಊರುಗಳಲ್ಲಿ ನೋಂದಣಿಯಾದ ಕ್ರಯಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟನ್ನು ತೆಗೆದು ಅದರ ಸರಾಸರಿ ಇನ್ನೊಂದು. ಎರಡರಲ್ಲಿ ಯಾವುದು ಹೆಚ್ಚೋ ಅದು.

ಇಲ್ಲಿ ನಾವೇ ನಮ್ಮ ಕಾಲ ಮೇಲೆ ಕಲ್ಲು ಹಾಕಿಕೊಳ್ಳುತ್ತೇವೆ. ಎಕರೆಗೆ 12 ಲಕ್ಷಕ್ಕೆ ಮಾರಿ ಮುದ್ರಾಂಕ ಶುಲ್ಕ ಉಳಿಸಲು ಪತ್ರದಲ್ಲಿ 3 ಲಕ್ಷ ಬರೆಸುತ್ತೇವೆ. ಕೊಂಡವನಿಗೆ ನಾಲ್ಕು ಕಾಸು ಉಳಿಯಿತು, ಮಾರಿದವನಿಗೆ ಕೈತುಂಬ ನಗದು ಬಂತು. ಮೂರು ವರ್ಷದೊಳಗೆ ಅದೇ ಊರಿನಲ್ಲಿ ಕಾಲುವೆಗೆ ಗುರುತು ಹಾಕಿದಾಗ, ಆ ವ್ಯವಹಾರದಲ್ಲಿ ಯಾವ ಪಾಲೂ ಇಲ್ಲದ ಹತ್ತಾರು ಮನೆಗಳಿಗೆ ಬೆಲೆ ಕಟ್ಟುವುದು ಆ 3 ಲಕ್ಷದ ಪತ್ರದ ಆಧಾರದ ಮೇಲೆ. ನಿಜವಾಗಿ 12 ಲಕ್ಷಕ್ಕೇ ಹೋಗಿದೆ ಸ್ವಾಮಿ ಎಂದು ನ್ಯಾಯಾಲಯದಲ್ಲಿ ನಾನು ಯಾವ ಬಾಯಿಂದ ವಾದಿಸಲಿ? ಪತ್ರಕ್ಕೆ ಸಹಿ ಹಾಕಿದವನೇ ಎದುರಿಗೆ ಕೂತಿರುತ್ತಾನೆ.

ಇನ್ನು ಹೆಸರು. ಪಹಣಿಯ 9ನೇ ಕಾಲಂನಲ್ಲಿ ಅಜ್ಜನ ಹೆಸರು, ಅಜ್ಜ ತೀರಿ ಮೂವತ್ತು ವರ್ಷ. ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿಲ್ಲ, ಅಳೆದು ಬೇರ್ಪಡಿಸುವ ಪೋಡಿ ಆಗಿಲ್ಲ, ಹೆಣ್ಣುಮಕ್ಕಳ ಪಾಲು ಬಾಯಿಮಾತಿನಲ್ಲಿ. ಪರಿಹಾರದ ಐತೀರ್ಪಾದ ದಿನ ಅಣ್ಣತಮ್ಮಂದಿರು ತಕರಾರು ತೆಗೆಯುತ್ತಾರೆ, ಹಣ ತಕರಾರು ತೀರ್ಮಾನಿಸುವ ಭೂಸ್ವಾಧೀನ ಪ್ರಾಧಿಕಾರದಲ್ಲಿ ಠೇವಣಿಯಾಗುತ್ತದೆ. ಭೂಮಿ ಸರ್ಕಾರಕ್ಕೆ ಹೋಯಿತು, ಹಣ ಯಾರಿಗೂ ಬರಲಿಲ್ಲ. ಕೊಟ್ಟುಹೋದ ಹೆಣ್ಣುಮಗಳು ಪಾಲು ಕೇಳಿದಳೆಂದು ಬೈಯುವವರನ್ನು ನೋಡಿದ್ದೇನೆ. ಅವಳು ಕೇಳುತ್ತಿರುವುದು ಹಿಂದೂ ಉತ್ತರಾಧಿಕಾರ ಕಾಯ್ದೆ ಕೊಟ್ಟ ಹಕ್ಕು. ಖಾತೆಯಲ್ಲಿ ಮೊದಲೇ ಅವಳ ಹೆಸರಿದ್ದಿದ್ದರೆ ಜಗಳವೇ ಇರುತ್ತಿರಲಿಲ್ಲ.

ನೋಟಿಸು ಬಂದ ಮೇಲಿನ ದಾರಿಯಲ್ಲಿ ದಿನಗಳ ಲೆಕ್ಕ ಮುಖ್ಯ. ಪ್ರಾಥಮಿಕ ಅಧಿಸೂಚನೆಯಾದ 60 ದಿನದೊಳಗೆ ಆಕ್ಷೇಪಣೆ. ‘ನನಗೆ ಜಮೀನು ಬಿಡುವ ಮನಸ್ಸಿಲ್ಲ’ ಎಂದಷ್ಟೇ ಬರೆದರೆ ಸಾಲದು. ಪಕ್ಕದಲ್ಲೇ ಸರ್ಕಾರಿ ಜಮೀನಿದೆ, ಇಷ್ಟು ಅಗಲ ಬೇಡ, ಇಲ್ಲಿ ತೋಟವಿದೆ ಎಂದು ಕಾರಣ ಬರೆಯಬೇಕು. ಐತೀರ್ಪಿನ ವೇಳೆ ನೀವು ಹಾಜರಿದ್ದರೆ ಆರು ವಾರದೊಳಗೆ ಹೆಚ್ಚುವರಿ ಪರಿಹಾರಕ್ಕೆ ಅರ್ಜಿ ಹಾಕಬೇಕು. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಹಣ ಪಡೆಯುವ ರಸೀದಿಯ ಮುಂದೆ. ತಕರಾರನ್ನು ಉಳಿಸಿಕೊಂಡೇ ಹಣ ಪಡೆದಿದ್ದೇನೆ ಎಂದು ಅಲ್ಲಿ ಬರೆಯದೆ ಸಹಿ ಹಾಕಿದರೆ ಹೆಚ್ಚಿಗೆ ಕೇಳುವ ಹಕ್ಕು ಅಲ್ಲಿಗೇ ಮುಗಿಯಿತು. ಕಾಯ್ದೆಯೇ ಹಾಗೆ ಹೇಳುತ್ತದೆ. ಓದು ಬಾರದವರು ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.

ವಕೀಲರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹೆಚ್ಚುವರಿ ಪರಿಹಾರದಲ್ಲಿ ಇಷ್ಟು ಪಾಲು ಕೊಡಿ, ಈಗ ಒಂದು ರೂಪಾಯಿಯೂ ಬೇಡ ಎನ್ನುವವರು ಇದ್ದಾರೆ. ಅಮೆರಿಕದಲ್ಲಿ ಭೂಸ್ವಾಧೀನದ ವಕೀಲರು ಹಾಗೆ ಪಾಲು ಪಡೆಯುವುದು ರೂಢಿ, ಅಲ್ಲಿ ಅದಕ್ಕೆ ಅನುಮತಿಯಿದೆ. ನಮ್ಮಲ್ಲಿ ಬಾರ್ ಕೌನ್ಸಿಲ್ ನಿಯಮ ಅದನ್ನು ನಿಷೇಧಿಸಿದೆ. ಖಾಲಿ ಚೆಕ್ಕಿಗೆ, ಖಾಲಿ ಕಾಗದಕ್ಕೆ ಸಹಿ ಹಾಕಿಕೊಡಬೇಡಿ. ಶುಲ್ಕ ಎಷ್ಟೆಂದು ಮೊದಲೇ ಕೇಳಿ. ಕೇಳಿದರೆ ಬೇಸರ ಪಡುವ ವಕೀಲನ ಹತ್ತಿರ ಹೋಗಬೇಡಿ.

‘ಸಾರ್ವಜನಿಕ ಉದ್ದೇಶ’ ಎಂಬ ಮಾತಿನಡಿ ಏನೆಲ್ಲ ಬರುತ್ತದೆ ಎಂಬ ಪ್ರಶ್ನೆ ಬೇರೆಯೇ, ಅದರ ಎದುರಿಗೆ ನಿಲ್ಲುವುದು ನಮ್ಮ ಆಸ್ತಿಯ ಹಕ್ಕು. 1978ರ 44ನೇ ತಿದ್ದುಪಡಿಯ ಮೇಲೆ ಆಸ್ತಿ ಮೂಲಭೂತ ಹಕ್ಕಾಗಿ ಉಳಿದಿಲ್ಲ, 300ಎ ವಿಧಿಯಡಿ ಸಾಂವಿಧಾನಿಕ ಹಕ್ಕಾಗಿದೆ. ಅಷ್ಟಕ್ಕೇ ಅದು ಬಡವಾಯಿತೆಂದು ತಿಳಿಯಬೇಡಿ. ನಟಿ ದೇವಿಕಾರಾಣಿ ಮತ್ತು ಚಿತ್ರಕಾರ ರೋರಿಕ್ ಅವರ ತಾತಗುಣಿ ಎಸ್ಟೇಟಿನ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಈ ವಿಧಿಯನ್ನು ವಿವರವಾಗಿ ವ್ಯಾಖ್ಯಾನಿಸಿತು. 2024ರ ಮೇ ತಿಂಗಳ ಕೋಲ್ಕತ್ತ ಮಹಾನಗರ ಪಾಲಿಕೆ ಪ್ರಕರಣದ ತೀರ್ಪು ಇನ್ನೂ ಮುಂದೆ ಹೋಗಿ, ನೋಟಿಸು, ಅಹವಾಲು ಆಲಿಸುವುದು, ಕಾರಣಸಹಿತ ನಿರ್ಧಾರ, ಸಾರ್ವಜನಿಕ ಉದ್ದೇಶ, ನ್ಯಾಯವಾದ ಪರಿಹಾರ, ಕಾಲಮಿತಿಯಲ್ಲಿ ಕೆಲಸ, ಕೊನೆಗೆ ಸಕ್ರಮವಾಗಿ ಸ್ವಾಧೀನ, ಈ ಏಳೂ ಆ ಹಕ್ಕಿನೊಳಗೇ ಇವೆ ಎಂದಿತು. ಕಾಲಮಿತಿಯ ಮಾತು ಬರಿಯ ಅಲಂಕಾರವಲ್ಲ. ಬೆಂಗಳೂರು–ಮೈಸೂರು ಕಾರಿಡಾರಿಗೆ 2003ರಲ್ಲಿ ಅಧಿಸೂಚನೆಯಾಗಿ, 2005ರಲ್ಲಿ ಜಮೀನು ಹೋಗಿ, 2019ರವರೆಗೂ ಐತೀರ್ಪೇ ಆಗದವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ 2003ರ ಬೆಲೆ ಸಲ್ಲದು, 2019ರ ಏಪ್ರಿಲಿನ ಬೆಲೆ ಕಟ್ಟಿ ಎಂದು ಆದೇಶಿಸಿತು. 2025ರ ಜುಲೈ 15ರಂದು ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯ ಸ್ವಾಧೀನವನ್ನು ಸರ್ಕಾರ ಕೈಬಿಟ್ಟಿತು. ಅದು ವಕೀಲರಿಂದಾದ ಕೆಲಸವಲ್ಲ, ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತ ರೈತರಿಂದ ಆದದ್ದು.

ನನಗೆ ಆತಂಕವಿರುವುದು 2013ರ ಕಾಯ್ದೆಗೆ ಮಾಡಿದ 2019ರ ಕರ್ನಾಟಕ ತಿದ್ದುಪಡಿಯ ಬಗ್ಗೆ. ಗ್ರಾಮೀಣ ಮೂಲಸೌಕರ್ಯ, ಕೈಗಾರಿಕಾ ಕಾರಿಡಾರ್ ಮೊದಲಾದ ಯೋಜನೆಗಳಿಗೆ ಸಾಮಾಜಿಕ ಪರಿಣಾಮದ ಅಧ್ಯಯನದಿಂದ ವಿನಾಯಿತಿ ಕೊಡಲು ಅದು ದಾರಿ ಮಾಡಿತು. ಜಮೀನಿಲ್ಲದವರು ಮೊದಲಿಗೆ ಲೆಕ್ಕಕ್ಕೆ ಬರುವುದು ಆ ಅಧ್ಯಯನದಲ್ಲಿ. ಮಲ್ಲಿಗೆ ತೋಟ ಹೋದರೆ ಒಡತಿಗೆ ಪರಿಹಾರ ಬರುತ್ತದೆ. ನಸುಕಿನಲ್ಲೆದ್ದು ಮೊಗ್ಗು ಬಿಡಿಸುತ್ತಿದ್ದ ಹೆಂಗಸರಿಗೆ? ಮೂರು ವರ್ಷ ಆ ಭೂಮಿಯ ಮೇಲೆ ದುಡಿದು ಬದುಕಿದವರನ್ನೂ ಬಾಧಿತ ಕುಟುಂಬ ಎನ್ನುತ್ತದೆ ಮೂಲ ಕಾಯ್ದೆ. ಎಣಿಸುವ ಮೊದಲ ಬಾಗಿಲನ್ನೇ ಮುಚ್ಚಿದರೆ ಆ ಮಾತಿಗೆ ಬೆಲೆಯೇನು? ಈ ತಿದ್ದುಪಡಿ ತಪ್ಪು ಎಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ವಲಯ ನಿಯಮದ ವಿಷಯ ಚಿಕ್ಕದಾಗಿ. ಸ್ವಾಧೀನದಲ್ಲಿ ಭೂಮಿ ಹೋಗುತ್ತದೆ, ಹಣ ಬರುತ್ತದೆ. ವಲಯದಲ್ಲಿ ಭೂಮಿ ನಿಮ್ಮದೇ, ಆದರೆ ಇಂಥದ್ದು ಕಟ್ಟುವಂತಿಲ್ಲ, ಸಾಮಾನ್ಯವಾಗಿ ಪರಿಹಾರವೂ ಇಲ್ಲ. ನಮ್ಮ ಹತ್ತಿರದ ದೊಡ್ಡ ಉದಾಹರಣೆ ಹಂಪಿ. 2002ರ ಕಾಯ್ದೆಯಡಿ ಬಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಪರ ಸುಪ್ರೀಂ ಕೋರ್ಟು 2020ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು, ವಿರೂಪಾಪುರಗಡ್ಡೆಯ ರೆಸಾರ್ಟುಗಳು ನೆಲಸಮವಾದವು. ಪರಂಪರೆ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಮೀನು ಕೊಳ್ಳುವ ಮೊದಲು ಅದು ಯಾವ ವಲಯದಲ್ಲಿದೆ ಎಂದು ಯೋಜನಾ ಪ್ರಾಧಿಕಾರದಿಂದ ಬರಹದಲ್ಲಿ ಪಡೆಯಿರಿ. ಮಹಾಯೋಜನೆಯಲ್ಲಿ ನಿಮ್ಮ ನಿವೇಶನವನ್ನು ಉದ್ಯಾನಕ್ಕೋ ರಸ್ತೆಗೋ ಕಾಯ್ದಿರಿಸಿ, ಐದು ವರ್ಷದೊಳಗೆ ಸ್ವಾಧೀನಪಡಿಸಿಕೊಳ್ಳದಿದ್ದರೆ 1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಆ ಮೀಸಲು ಬಿದ್ದುಹೋಗುತ್ತದೆ. ಇದು ಗೊತ್ತಿಲ್ಲದೆ ಮನೆ ಕಟ್ಟದೆ ಕೂತವರು ಬಹಳ.

ಕೊನೆಗೆ ಅಕ್ಕಪಕ್ಕದ ಹೊಲದವರಿಗೆ ಸಂಬಂಧಿಸಿದ ಸಂಗತಿ. ಒಂದೇ ಅಧಿಸೂಚನೆಯಲ್ಲಿ ಜಮೀನು ಹೋದವರಲ್ಲಿ ಒಬ್ಬರು ಭೂಸ್ವಾಧೀನ ಪ್ರಾಧಿಕಾರದಿಂದ ಹೆಚ್ಚಿನ ಪರಿಹಾರ ಪಡೆದರೆ, ಕೋರ್ಟಿಗೆ ಹೋಗದ ಉಳಿದವರೂ ಆ ತೀರ್ಪಿನ ಮೂರು ತಿಂಗಳೊಳಗೆ ಜಿಲ್ಲಾಧಿಕಾರಿಗೆ ಅರ್ಜಿ ಹಾಕಿ ಅದೇ ದರ ಕೇಳಬಹುದು. 2013ರ ಕಾಯ್ದೆಯ 73ನೇ ಕಲಂ. ಆದ್ದರಿಂದ ಗೆದ್ದವರು ತೀರ್ಪಿನ ಪ್ರತಿಯನ್ನು ಬೀರುವಿನಲ್ಲಿ ಮುಚ್ಚಿಡಬೇಡಿ, ಅದೇ ವಾರ ಊರಿನ ಕಟ್ಟೆಯ ಮೇಲೆ ಓದಿಸಿ. ಇನ್ನು ಪಹಣಿಯ ಬೆಳೆಯ ಮಾತು: ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ನಿಮ್ಮ ಬೆಳೆಯನ್ನು ನೀವೇ ಫೋಟೋ ಸಮೇತ ಸೇರಿಸಲು ಬರುತ್ತದೆ, ಬಾರದವರಿಗೆ ಇಲ್ಲಿನ ಸಂಘದ ಹುಡುಗರು ಮಾಡಿಕೊಡುತ್ತಾರಂತೆ. ಇವತ್ತು ಪಹಣಿ ತರಬೇಕೆಂದು ಮೊದಲೇ ಹೇಳಿಸಿದ್ದೆ. ತಂದವರು ಮುಂದೆ ಬನ್ನಿ, 9ನೇ ಕಾಲಂ ಮತ್ತು 12ನೇ ಕಾಲಂ ನೋಡುವುದರಿಂದ ಶುರು ಮಾಡೋಣ.